ಅಕ್ಕನ ಕೋನ್‌ಫ್ಲವರ್ ಮತ್ತು ನನ್ನ ನೀರು

ಬೇರೆಯವರ ಮಗುವನ್ನು ಒಂದು ದಿನ ನೋಡಿಕೊಳ್ಳಿ, ತೊಂದರೆಯಿಲ್ಲ. ಹಸಿವಾದರೆ ಅಳುತ್ತದೆ, ಹೊಟ್ಟೆ ತುಂಬಿದರೆ ಮಲಗುತ್ತದೆ. ಬೇರೆಯವರ ಹೂಗಿಡದ ಜವಾಬ್ದಾರಿಯನ್ನು ಮಾತ್ರ ಯಾರೂ ಹೊರಬಾರದು. ಅದು ಅಳುವುದಿಲ್ಲ, ಕರೆಯುವುದಿಲ್ಲ. ಸುಮ್ಮನೆ ನಿಂತಿದ್ದು, ಒಡೆಯರು ಬರುವ ಹೊತ್ತಿಗೆ ಸರಿಯಾಗಿ ಸಾಯುತ್ತದೆ. ಈ ವರ್ಷದವರೆಗೂ ನನಗಿದು ಗೊತ್ತಿರಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವ ರೈಟರ್ ನಾನು. ದಿನವಿಡೀ ಗಿಡಗಳ ನಡುವೆಯೇ ಓಡಾಡುವುದರಿಂದ ಗಿಡಗಳ ವಿಷಯವೂ ತಿಳಿದಿದೆ ಎಂದುಕೊಂಡಿದ್ದೆ. ಬ್ಯಾಂಕಿನ ಬಾಗಿಲಲ್ಲಿ ನಿಂತವನು ತಾನೂ ಶ್ರೀಮಂತ ಎಂದುಕೊಂಡ ಹಾಗೆ.

ಅಮ್ಮತ್ತಿಯ ನಮ್ಮ ಮನೆಯಲ್ಲಿರುವುದು ನಾನು, ಹೆಂಡತಿ ಸವಿತಾ ಮತ್ತು ನನ್ನ ಅಕ್ಕ ಲಲಿತಾ. ಅಕ್ಕ ಟೀಚರಾಗಿ ನಿವೃತ್ತಳಾದವಳು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಾಳೆ. ಮನೆ ಮುಂದಿನ ಸಿಲ್ವರ್ ಓಕ್ ಮರವನ್ನು ನನ್ನೊಂದಿಗೆ ಜಗಳವಾಡಿ ಕಡಿಸಿ, ಅಲ್ಲಿ ಬಿದ್ದ ಬಿಸಿಲಿನಲ್ಲಿ ಮಡಿ ಮಾಡಿ, ಮರಳು, ಗೊಬ್ಬರ ಬೆರೆಸಿ, ಗೆಳತಿಯೊಬ್ಬಳು ಊಟಿಯಿಂದ ತಂದುಕೊಟ್ಟ ಕೋನ್‌ಫ್ಲವರ್ ಎಂಬ ಹೂಗಿಡದ ಬೀಜ ಹಾಕಿದ್ದಳು. ಮೊದಲ ವರ್ಷ ಬರೀ ಎಲೆ. "ಇದರ ಪಲ್ಯ ಆಗುತ್ತಾ?" ಎಂದು ಕೇಳಿದ್ದಕ್ಕೆ ಆ ದಿನ ನನಗೆ ನಿಜವಾದ ಪಲ್ಯವೂ ಸಿಗಲಿಲ್ಲ. ಎರಡನೇ ವರ್ಷ ಮೊಗ್ಗು ಕಾಣಿಸಿತು. ಅದೇ ವಾರ ಅಕ್ಕನಿಗೆ ಜಗಲಿ ಹತ್ತಿದರೂ ಏದುಸಿರು ಬರತೊಡಗಿತು. ಮೈಸೂರಿನ ಡಾಕ್ಟರು ಹೃದಯದ ವಾಲ್ವ್ ಬದಲಿಸಬೇಕು, ತಡ ಮಾಡಬೇಡಿ ಎಂದರು.

ಅಕ್ಕನ ಜೊತೆ ಸವಿತಾ ಹೊರಟಳು, ನಾನೂ ಬಟ್ಟೆ ತುಂಬಿಕೊಂಡು ಹೊರಟೆ. ಅಕ್ಕ ಬಾಗಿಲಲ್ಲೇ ತಡೆದಳು. "ನೀನು ಬಂದು ಏನೋ ಮಾಡ್ತೀಯ? ಆಸ್ಪತ್ರೆ ವಾಸನೆಗೇ ತಲೆ ತಿರುಗಿ ಬೀಳೋನು. ಸವಿತಾ ನನ್ನ ನೋಡ್ಕೋಬೇಕೋ, ನಿನ್ನ ನೋಡ್ಕೋಬೇಕೋ? ಇಲ್ಲೇ ಇದ್ದು ಗಿಡ ನೋಡ್ಕೋ. ಬಿಸಿಲು ಚೆನ್ನಾಗಿ ಬೀಳ್ಲಿ. ನೀರು ಮಾತ್ರ ಕಮ್ಮಿ, ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಹೂವು ಅರಳಿದ ದಿನ ಮನಸ್ಸು ತುಂಬಿ ಬಂತು. ನಡುವೆ ಕಿತ್ತಳೆಗಂದು ಬಣ್ಣದ ಮುಳ್ಳುಮುಳ್ಳಾದ ಉಬ್ಬು, ಸುತ್ತ ಛತ್ರಿಯಂತೆ ಬಿಡಿಸಿಕೊಂಡ ಗುಲಾಬಿ ಎಸಳು. ಫೋಟೋ ತೆಗೆದು ಕಳಿಸಿದೆ. ಅಕ್ಕ ಆಸ್ಪತ್ರೆಯ ನರ್ಸುಗಳಿಗೆಲ್ಲ ತೋರಿಸಿದಳಂತೆ.

ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಎಸಳುಗಳೆಲ್ಲ ಕೆಳಕ್ಕೆ ಜೋತುಬಿದ್ದಿವೆ! ಇನ್ನು ನಾಲ್ಕೇ ದಿನಕ್ಕೆ ಆಪರೇಷನ್. ಬೆಕ್ಕು ಅಡ್ಡ ಬಂತೆಂದು ಕೆಲಸಕ್ಕೆ ತಡವಾಗಿ ಬರುವವರಿಗೆ ಬುದ್ಧಿ ಹೇಳುವವನು ನಾನು. ಆದರೂ ಆ ಜೋತ ಎಸಳು ನೋಡಿದಾಗ ಬಾಯಿಗೆ ತರಬಾರದ ಯೋಚನೆಯೊಂದು ಬಂದೇಬಿಟ್ಟಿತು. ಒಂದು ಬಕೆಟ್ ನೀರು ಸುರಿದೆ. ಎಸಳು ಏಳಲಿಲ್ಲ. ಇನ್ನೊಂದು ಸುರಿದೆ. ಪಕ್ಕದ ಮನೆಯ ಬೋಜಮ್ಮ ಆಂಟಿ ಬೇಲಿಯಾಚೆಯಿಂದ ಇಣುಕಿದರು.

"ಅಯ್ಯೋ ರೈಟ್ರೇ, ಪೂರ್ತಿ ಬಾಡಿ ಹೋಗಿದೆಯಲ್ಲ! ಬಿಸಿಲು ತಡೀತಿಲ್ಲ ಅದಕ್ಕೆ. ಮೊದ್ಲು ನೆರಳು ಮಾಡಿ."

ಅವರ ಮನೆಯ ಗುಲಾಬಿಗಳನ್ನು ನೋಡಿದವರು ಅವರ ಮಾತು ಮೀರುವುದಿಲ್ಲ. ನಾಲ್ಕು ಕೋಲು ನೆಟ್ಟು ಸವಿತಾಳ ಹಳೆಯ ಸೀರೆ ಕಟ್ಟಿದೆ. ನಾಲ್ಕು ದಿನವೂ ಬೆಳಿಗ್ಗೆ, ಸಂಜೆ ಬಿಡದೆ ನೀರು ಹಾಕಿದೆ. ಆಪರೇಷನ್ನಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ಬುಡದ ಎಲೆಗಳು ಹಳದಿಯಾಗಿದ್ದವು, ಒಂದು ಗಿಡ ಬುಡ ಮೆತ್ತಗಾಗಿ ಅಡ್ಡಬಿದ್ದಿತ್ತು. ಅಷ್ಟರಲ್ಲಿ ಸವಿತಾಳ ಫೋನಿನಿಂದ ಅಕ್ಕನ ದನಿ.

"ಈಗ ಒಳಗೆ ಕರ್ಕೊಂಡು ಹೋಗ್ತಾರಂತೆ ಕಣೋ. ಹೂವು ಹೇಗಿದೆ? ಒಂದು ಫೋಟೋ ಕಳಿಸು, ನೋಡ್ಕೊಂಡು ಹೋಗ್ತೀನಿ."

"ಫಸ್ಟ್ ಕ್ಲಾಸಾಗಿದೆ ಅಕ್ಕ," ಎಂದೆ. ಅರಳಿದ ದಿನ ಬೇರೆ ಕೋನದಿಂದ ತೆಗೆದಿದ್ದ ಇನ್ನೊಂದು ಫೋಟೋ ಕಳಿಸಿದೆ.

ಆಮೇಲೆ ಕಳೆದ ಹೊತ್ತನ್ನು ಹೇಗೆ ಹೇಳಲಿ? ಎಸ್ಟೇಟಿಗೆ ಹೋಗಲಿಲ್ಲ. ಸೀರೆ ಕಿತ್ತೆಸೆದೆ. ಮಡಿಯ ಬದಿಯಲ್ಲಿ ಗುದ್ದಲಿಯಿಂದ ಕಾಲುವೆ ತೆಗೆದು ನೀರು ಹರಿಯಬಿಟ್ಟೆ. ಒದ್ದೆ ಮಣ್ಣನ್ನು ಕೈಯಲ್ಲಿ ತೋಡಿ ಒಣ ಮರಳು ತುಂಬಿದೆ. ಫೋನ್ ಮೆಟ್ಟಿಲ ಮೇಲಿತ್ತು. ಒಮ್ಮೆ ಅದು ಹೊಡೆದುಕೊಂಡಾಗ ಕೆಸರು ಕೈಯಲ್ಲೇ ಓಡಿ ಎತ್ತಿದರೆ, ಯಾವುದೋ ಸಾಲ ಬೇಕಾ ಎಂದು ಕೇಳುವ ಹುಡುಗಿ. ಪಾಪ, ಅವಳಿಗೆ ಏನೆಂದೆನೋ ನೆನಪಿಲ್ಲ. ಮಧ್ಯಾಹ್ನ ಕಳೆದ ಮೇಲೆ ಸವಿತಾ ಫೋನ್ ಮಾಡಿದಳು. "ರೀ, ಆಯ್ತು. ಚೆನ್ನಾಗಾಯ್ತಂತೆ." ನಾನು ಮಡಿಯ ಪಕ್ಕದಲ್ಲೇ ಕೂತು ಅತ್ತೆ. ಬೇಲಿಯಾಚೆ ಬೋಜಮ್ಮ ಆಂಟಿ, ನಾನು ಹೂವಿಗಾಗಿ ಅಳುತ್ತಿದ್ದೇನೆಂದು ತಿಳಿದು, "ಬಿಡಿ ರೈಟ್ರೇ, ಬೇರೆ ಗಿಡ ಕೊಡ್ತೀನಿ" ಎಂದರು.

ಅಕ್ಕನನ್ನು ವಾರ್ಡಿಗೆ ತಂದ ದಿನ ಅವಳೇ ಫೋನಿನಲ್ಲಿ ಮಾತಾಡಿದಳು. ದನಿ ಕ್ಷೀಣವಾಗಿತ್ತು, ಟೀಚರ್‌ಗಿರಿ ಮಾತ್ರ ಹಾಗೇ ಇತ್ತು.

"ಅವತ್ತು ಕಳಿಸಿದ್ದು ಹಳೇ ಫೋಟೋನಾ?"

"ಇಲ್ಲ ಅಕ್ಕ..."

"ಸುಳ್ಳು ಹೇಳ್ಬೇಡ. ಅಷ್ಟು ಹೊತ್ತಿಗೆ ಎಸಳು ಕೆಳಗೆ ಬಾಗಬೇಕು ಕಣೋ. ಆ ಹೂವು ಇರೋದೇ ಹಾಗೆ. ಇನ್ನೂ ಬಾಗಿಲ್ಲವಲ್ಲ, ಗಿಡಕ್ಕೆ ಏನೋ ಆಗಿದೆ ಅಂತ ಅದೇ ಚಿಂತೇಲಿ ಥಿಯೇಟರ್ ಒಳಗೆ ಹೋದೆ!"

ಎಸಳು ಬಾಗಿತೆಂದು ನಾನಿಲ್ಲಿ ಸಾಯುತ್ತಿದ್ದೆ, ಬಾಗಲಿಲ್ಲವೆಂದು ಅವಳು ಅಲ್ಲಿ. ಎಲ್ಲವನ್ನೂ ಹೇಳಿಬಿಟ್ಟೆ. ನೀರು, ಸೀರೆ, ಅಡ್ಡಬಿದ್ದ ಗಿಡ. ಅಕ್ಕ ನಗಲು ಹೋಗಿ, ಹೊಲಿಗೆ ನೋಯುತ್ತದೆಂದು ನನ್ನನ್ನೇ ಬೈದು ಫೋನಿಟ್ಟಳು.

ಉಳಿದ ಗಿಡಗಳು ಬದುಕಿದವು. ಅಕ್ಕನೂ ಮನೆಗೆ ಬಂದಳು. ಕಾರಿನಿಂದಿಳಿದು ಮಡಿಯ ಮುಂದೆ ನಿಂತು, ಒಂದು ಹೂವಿನ ಬಾಗಿದ ಎಸಳನ್ನು ಬೆರಳಿನಿಂದ ಮುಟ್ಟಿ, ಒಳಗೆ ಹೋದಳು. ಹಾಸಿಗೆಯಲ್ಲಿ ಒರಗಿಕೊಂಡ ಮೇಲೆ ಸವಿತಾ ಡಾಕ್ಟರು ಹೇಳಿದ್ದನ್ನು ವಿವರಿಸಿದಳು. ಸದ್ಯಕ್ಕೆ ಅಕ್ಕ ನೀರನ್ನು ಅಳೆದೇ ಕುಡಿಯಬೇಕು, ಜಾಸ್ತಿಯಾದರೆ ಹೃದಯಕ್ಕೆ ಭಾರ.

"ಅದಕ್ಕೇನು, ನಾನು ನೋಡ್ಕೊಳ್ತೀನಿ," ಎಂದು ಉತ್ಸಾಹದಿಂದ ಎದ್ದೆ.

ಅಕ್ಕ ಸವಿತಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಯಾರ ಕೈಗೆ ಬೇಕಾದ್ರೂ ಕೊಡೇ, ಇವನ ಕೈಗೆ ಬೇಡ."