ಇಲಿ ಕೋಣೆಯಲ್ಲಿ ಕೂಗಬಾರದು

ಆ ದಿನ ನಗ್ಲಾ ಸುಮ್ಮನಿದ್ದಿದ್ದರೆ ಬಹ್ಗತನ ಕೆಲಸ ಕಾಯಂ ಆಗಿಬಿಡುತ್ತಿತ್ತು. ಆದರೆ ಸುಮ್ಮನಿರುವುದನ್ನು ನಗ್ಲಾ ಎಲ್ಲೂ ಕಲಿತಿರಲಿಲ್ಲ.

ಅಲೆಕ್ಸಾಂಡ್ರಿಯಾದ ವೈದ್ಯಕೀಯ ಕಾಲೇಜೊಂದರ ಮೂರನೆಯ ಮಹಡಿಯಲ್ಲಿ, ಸಮುದ್ರದ ಕಡೆಗೆ ಕಿಟಕಿಯಿದ್ದೂ ಅದನ್ನು ಎಂದೂ ತೆಗೆಯದ ಕೋಣೆಯಲ್ಲಿ, ಬಹ್ಗತ್ ಏಳು ವರ್ಷದಿಂದ ಬಿಳಿ ಇಲಿಗಳ ರಕ್ತದೊತ್ತಡ ಅಳೆಯುತ್ತಿದ್ದ. ಇಲಿಯ ಬಾಲಕ್ಕೆ ಉಂಗುರದಷ್ಟು ಸಣ್ಣ ಪಟ್ಟಿ ಹಾಕಿ ಗಾಳಿ ತುಂಬಬೇಕು. ಇಲಿ ಬೆದರಿದರೆ ಲೆಕ್ಕವೆಲ್ಲ ಹಾಳು. ಅದಕ್ಕೇ ಅವುಗಳಿಗೆ ಕತ್ತಲು, ಬೆಚ್ಚನೆಯ ಕಂಬಳಿ, ಅತ್ತರಿನ ವಾಸನೆಯಿಲ್ಲದ ಗಾಳಿ, ಎಲ್ಲ ರಾಜೋಪಚಾರ. ಬಾಗಿಲ ಮೇಲೆ ಬಹ್ಗತನೇ ತನ್ನ ಕೈಯಾರೆ ಬರೆದು ಅಂಟಿಸಿದ್ದ: 'ಒಳಗೆ ಕೂಗಬಾರದು. ಇಲಿಗಳು ಬೆದರುತ್ತವೆ.'

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಫಿಕ್ರಿಯವರ ಸಂಶೋಧನೆ ಇಷ್ಟೇ: ಮದ್ದು ಕೊಟ್ಟು ಒತ್ತಡ ಇಳಿಸಿದರೆ ಹೃದಯ ತಾನಾಗಿಯೇ ಓಡತೊಡಗುತ್ತದೆ, ಏರಿಸಿದರೆ ನಿಧಾನವಾಗುತ್ತದೆ. ಈ ವಿಷಯ ಲೋಕಕ್ಕೆಲ್ಲ ಎಂದೋ ಗೊತ್ತಿತ್ತು. ಫಿಕ್ರಿಯವರ ಇಲಿಗಳಿಗೆ ಗೊತ್ತಿದೆಯೋ ಇಲ್ಲವೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಬಹ್ಗತ್ ಸಾಧು ಮನುಷ್ಯ. ಸಿಟ್ಟು ಬರುತ್ತಿದ್ದದ್ದು ವಿದ್ಯಾರ್ಥಿಗಳು ಕಣ್ಣಿಗೆ ಕಂಡ ಪಟ್ಟಿಯನ್ನು ಕಂಡ ಬಾಲಕ್ಕೆ ಹಾಕಿದಾಗ ಮಾತ್ರ. "ಪಟ್ಟಿ ಚಿಕ್ಕದಾದ್ರೆ ಒತ್ತಡ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ ಕಣ್ರೋ! ಮೊದಲು ಬಾಲ ನೋಡಿ, ಆಮೇಲೆ ಪಟ್ಟಿ ಆರಿಸಿ!" ಎಂದು ಪಿಸುದನಿಯಲ್ಲೇ ಬೈಯುತ್ತಿದ್ದ.

ಏಳು ವರ್ಷ ಹಂಗಾಮಿಯಾಗಿ ಸವೆಸಿದ ಮೇಲೆ ಅವನ ಹೆಸರು ಕಾಯಂ ನೌಕರರ ಸಾಲಿಗೆ ಬಂದಿತ್ತು. ಬಾಕಿ ಇದ್ದದ್ದು ಆರೋಗ್ಯ ಮಂಡಳಿಯ ಸರ್ಟಿಫಿಕೇಟು ಒಂದೇ, ಅದಕ್ಕೆ ಅಂದೇ ಕೊನೆಯ ದಿನ. ಸರ್ಟಿಫಿಕೇಟು ಬಂದ ತಿಂಗಳಲ್ಲೇ ಮದುವೆ ಎಂದು ಅವನ ಹುಡುಗಿ ಮೈಸಾಳ ತಂದೆ ಮಾತು ಕೊಟ್ಟಿದ್ದರು. ನಿಶ್ಚಿತಾರ್ಥವಾಗಿ ನಾಲ್ಕು ವರ್ಷ. ಹೊಸ ಸಂಸಾರಕ್ಕೆಂದು ಕೊಂಡ ಫ್ರಿಜ್ಜು ಡಬ್ಬಿಯೊಳಗೇ ಇದ್ದು, ಅದರ ಗ್ಯಾರಂಟಿ ಮಾತ್ರ ಹೊರಗೆ ಮುಗಿದುಹೋಗಿತ್ತು.

ಬೆಳಿಗ್ಗೆ ಟ್ರಾಮು ತಪ್ಪಿಸಿಕೊಂಡು ಅರ್ಧ ದಾರಿ ಓಡಿ ಬಂದ ಬಹ್ಗತ್ ಕುರ್ಚಿಗೆ ಕುಸಿದದ್ದೇ ತಡ, ಪಕ್ಕದ ಮೇಜಿನ ನಗ್ಲಾ ಎದ್ದು ಬಂದಳು.

"ಮಂಡಳಿಯೋರು ಒತ್ತಡ ನೋಡ್ತಾರಲ್ಲ, ಒಂದ್ಸಲ ನೋಡೇ ಬಿಡೋಣ್ವಾ? ವಿದ್ಯಾರ್ಥಿಗಳಿಗೆ ಅಂತ ಹೊಸ ಮಿಷನ್ನು ಬಂದಿದೆ."

"ನಂಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ."

"ಚೆನ್ನಾಗಿದ್ದೀನಿ ಅಂದ್ಕೊಂಡೇ ನಮ್ಮ ದೊಡ್ಡಪ್ಪ ಹೋಗಿದ್ದು. ಕೈ ಕೊಡು."

ದಿನಾ ಬೆಳಿಗ್ಗೆ ಎರಡು ಬಟ್ಟಲು ಫೂಲ್ ಬೇಳೆಯನ್ನು ರೊಟ್ಟಿಯ ಜೊತೆ ಇಳಿಸುವ ಬಹ್ಗತನ ತೋಳು ಕಂಬದಂತಿತ್ತು. ಹೊಸ ಪಟ್ಟಿ ಅದನ್ನು ಹೇಗೋ ಒಂದು ಸುತ್ತು ಬಳಸಿ ಟರ್ರೆಂದು ಬಿಚ್ಚಿಕೊಂಡಿತು. ಟೀ ತಂದಿದ್ದ ಬಯ್ಯೂಮಿ ಮಾಮ ಟ್ರೇ ಕೆಳಗಿಟ್ಟು ಪಟ್ಟಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಗಾಳಿ ತುಂಬಿತು.

"ನೂರ ಅರವತ್ತು, ನೂರು!" ನಗ್ಲಾ ಚೀರಿದಳು. ಗೋಡೆಯಾಚೆ ಇಲಿಗಳು ಬೆದರಿದವು.

"ಅಯ್ಯೋ ಡಾಕ್ಟ್ರೇ, ಇನ್ನೂ ಮದುವೆ ಕೂಡ ಆಗಿಲ್ಲ ನಿಮಗೆ!" ಎಂದ ಬಯ್ಯೂಮಿ. "ಮದುವೆಗೆ ಮುಂಚೇನೇ ಇಷ್ಟಾದ್ರೆ ಆಮೇಲೆ ಗತಿಯೇನು? ಟೀ ಮುಟ್ಟಬೇಡಿ. ಕರ್ಕದೆ ತರ್ತೀನಿ."

ಒಣ ದಾಸವಾಳ ನೆನೆಸಿದ ಕೆಂಪು ಕರ್ಕದೆಯನ್ನು ತಣ್ಣಗೆ ಕುಡಿದರೆ ಒತ್ತಡ ಇಳಿಯುತ್ತದೆ, ಬಿಸಿಯಾಗಿ ಕುಡಿದರೆ ಏರುತ್ತದೆ ಎಂಬುದು ಬಯ್ಯೂಮಿಯ ಸಿದ್ಧಾಂತ. ಅದನ್ನು ಸಾಬೀತು ಮಾಡಲು ಅವನಿಗೆ ಇಲಿಗಳೇ ಬೇಕಿರಲಿಲ್ಲ. ಬಹ್ಗತ್ ನಾಲ್ಕು ಲೋಟ ಕುಡಿದ. ಹಸಿ ಬೆಳ್ಳುಳ್ಳಿ ಐದೆಸಳು ಅಗಿದ. ಮತ್ತೆ ಅಳೆದರೆ ನೂರ ಐವತ್ತೆಂಟು.

ಗದ್ದಲ ಕೇಳಿ ಫಿಕ್ರಿಯವರು ಬಂದರು. ವಿಷಯ ತಿಳಿದು ಜೇಬಿನಿಂದ ತಮ್ಮದೇ ಮಾತ್ರೆ ತೆಗೆದರು.

"ನುಂಗು. ಹನ್ನೆರಡು ವರ್ಷದಿಂದ ನಾನು ನುಂಗ್ತಿದ್ದೀನಿ, ನನ್ನ ನೋಡು."

ಬಹ್ಗತ್ ಅವರನ್ನು ನೋಡಿದ. ನೋಡಿ ಧೈರ್ಯವೇನೂ ಬರಲಿಲ್ಲ. ಆದರೆ ಕಾಯಂ ಆಗಬೇಕಾದ ಫೈಲಿಗೆ ಸಹಿ ಹಾಕುವವರು ಕೊಟ್ಟ ಮಾತ್ರೆ, ನುಂಗಿದ.

"ಹೀಗೆಲ್ಲ ಗುಂಪು ಕಟ್ಟಿ ನಿಂತ್ರೆ ಇಲಿಗೂ ಏರುತ್ತೆ," ಎಂದು ಫಿಕ್ರಿಯವರು ವಿಜ್ಞಾನ ಹೇಳಿದರು. "ಇಲಿಗೆ ಮಾಡೋದನ್ನೇ ಇವನಿಗೂ ಮಾಡಿ."

ಹಾಗಾಗಿ ಬಹ್ಗತನನ್ನು ಸಾಮಾನಿನ ಕೋಣೆಯ ಕತ್ತಲಲ್ಲಿ ಮಲಗಿಸಿ, ಇಲಿಗಳ ಬಿಸಿ ಕಂಬಳಿ ಹೊದಿಸಿ, ಬಾಗಿಲು ಹಾಕಿದರು. ಐದೈದು ನಿಮಿಷಕ್ಕೊಮ್ಮೆ ಬಯ್ಯೂಮಿ ಬಾಗಿಲು ತೆಗೆದು, "ಶಾಂತವಾಗಿದ್ದೀರಾ ಡಾಕ್ಟ್ರೇ?" ಎಂದು ಕೇಳಿ ಎಬ್ಬಿಸಿ ಹೋಗುತ್ತಿದ್ದ. ಅರ್ಧ ಗಂಟೆಯ ಮೇಲೆ ನೂರ ನಲವತ್ತೆಂಟು.

"ಸಾಲದು," ಎಂದಳು ನಗ್ಲಾ. ಪ್ರೊಫೆಸರರ ಮಾತ್ರೆಯ ಹೊತ್ತಿಗೆ ಅವಳು ತರಗತಿಯಲ್ಲಿದ್ದಳು. ಈಗ ತನ್ನ ಬ್ಯಾಗಿನಿಂದ ಅಮ್ಮನ ಮಾತ್ರೆ ತೆಗೆದು ಅವನ ಬಾಯಿಗೆ ಹಾಕಿದಳು. ನಾಲಿಗೆಯ ಮೇಲೆ ಮಾತ್ರೆ, ಬಾಯ್ತುಂಬ ಮತ್ತೊಂದು ಸುತ್ತಿನ ಬೆಳ್ಳುಳ್ಳಿ, ಬಹ್ಗತ್ ಏನು ಹೇಳಿದರೂ ಅರ್ಥವಾಗುವಂತಿರಲಿಲ್ಲ.

ಮಂಡಳಿಯ ಮೊಗಸಾಲೆಯಲ್ಲಿ ನಲವತ್ತು ಜನ ಕಾಯುತ್ತಿದ್ದರು. ಬಹ್ಗತನಿಗೆ ವಿಚಿತ್ರ ನೆಮ್ಮದಿ. ಗೋಡೆಗಳು ಮೆಲ್ಲಗೆ ತೂಗುತ್ತಿದ್ದವು. ಎದೆಯೊಳಗೆ ಮಾತ್ರ ಯಾರೋ ತಪ್ಪಿದ ಟ್ರಾಮಿನ ಹಿಂದೆ ಇನ್ನೂ ಓಡುತ್ತಿದ್ದರು. ಅವನ ಸರದಿ ಬಂತು. ಡಾಕ್ಟರ್ ಶಾಕಿರ್ ತಲೆಯೆತ್ತದೆ ಕಾಗದ ಹುಡುಕಿದರು.

"ಬಹ್ಗತ್... ಹಾಂ, ಸಿಕ್ತು. ನೂರ ಇಪ್ಪತ್ತು, ಎಂಬತ್ತು. ನಾಡಿ ಎಪ್ಪತ್ತೆರಡು. ಯೋಗ್ಯ. ಮೊಹರು ಆ ಕಿಟಕಿ ಹತ್ರ ಒತ್ತಿಸ್ಕೊಳ್ಳಿ. ಮುಂದಿನೋರು!"

"ಡಾಕ್ಟ್ರೇ, ಅಳೆಯೋದಿಲ್ವಾ?"

"ಯಾವುದ್ರಲ್ಲಿ ಅಳೀಲಿ? ಮಿಷನ್ನಿನ ರಬ್ಬರು ಹರಿದು ಒಂಬತ್ತು ವರ್ಷ ಆಯ್ತು. ಹೊಸದಕ್ಕೆ ಬರೆದಿದ್ದೀನಿ. ಅದು ಬರೋವರೆಗೂ ಈ ಊರಲ್ಲಿ ಎಲ್ರಿಗೂ ನೂರ ಇಪ್ಪತ್ತು, ಎಂಬತ್ತೇ. ನಿಮ್ಮ ಕಾಗದ ಬೆಳಿಗ್ಗೆಯೇ ಬರೆದಿಟ್ಟಾಗಿದೆ."

ಬಹ್ಗತನ ಕಣ್ಣಲ್ಲಿ ನೀರು ಬಂತು. ಈ ಸರ್ಕಾರವನ್ನು ಅವನು ಯಾವತ್ತೂ ಇಷ್ಟು ಪ್ರೀತಿಸಿರಲಿಲ್ಲ. ಮೈಸಾ ಕಂಡಳು, ಫ್ರಿಜ್ಜು ಕಂಡಿತು, ಡಬ್ಬಿ ಬಿಚ್ಚುತ್ತಿರುವ ತನ್ನ ಕೈಗಳು ಕಂಡವು. ಸಂತೋಷ ತಡೆಯಲಾರದೆ ಕುರ್ಚಿಯಿಂದ ಛಂಗನೆ ಎದ್ದ.

ಎರಡು ಮಾತ್ರೆ, ನಾಲ್ಕು ಲೋಟ ಕರ್ಕದೆ ಮತ್ತು ಒಂದು ಇಲಿ ಕಂಬಳಿ ಸೇರಿ ಇಳಿಸಿದ್ದ ರಕ್ತ ಅವನ ಜೊತೆ ಏಳಲಿಲ್ಲ. ಬಹ್ಗತ್ ಕಡಿದ ಮರದಂತೆ ಬಿದ್ದ.

ಕಣ್ಣು ಬಿಟ್ಟಾಗ ಶಾಕಿರ್ ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವರು ಮುಟ್ಟಿದ ಮೊದಲ ಮಣಿಕಟ್ಟು. ಬಾಗಿಲಲ್ಲಿ ತಲೆಗಳು ತುಂಬಿದ್ದವು.

"ನಾಡಿ ನೂರ ಮೂವತ್ತನಾಲ್ಕು," ಎಂದು ಅವರು ನಿಜವಾದ ದುಃಖದಿಂದ ಹೇಳಿದರು. "ಬೀಳೋದೇ ಆಗಿದ್ರೆ ಹೊರಗೆ ಹೋಗಿ ಬೀಳಬಾರದಿತ್ತೇನಪ್ಪಾ? ಮೆಟ್ಟಿಲ ಮೇಲೆ ಬಿದ್ದೋರು ನನ್ನ ಲೆಕ್ಕಕ್ಕೆ ಬರಲ್ಲ. ಈಗ ನೋಡು, ನಲವತ್ತು ಜನ ಸಾಕ್ಷಿ."

"ಡಾಕ್ಟ್ರೇ, ದಯವಿಟ್ಟು... ಇವತ್ತೇ ಕೊನೇ ದಿನ. ನನ್ನ ಮದುವೆ..."

"ಹೃದಯ ಹೀಗೆ ಓಡ್ತಿರೋವಾಗ ಮದುವೆ ಯಾಕಪ್ಪಾ?" ಶಾಕಿರ್ 'ಯೋಗ್ಯ' ಎಂಬುದನ್ನು ಹೊಡೆದುಹಾಕಿ ಮೇಲೆ 'ಅಯೋಗ್ಯ, ಮುಂದಿನ ವರ್ಷ ಮರುಪರೀಕ್ಷೆ' ಎಂದು ಬರೆದರು. "ಏನು ಕೆಲಸ ನಿಂದು?"

"ಒತ್ತಡ ಇಳಿದ್ರೆ ಹೃದಯ ಯಾಕೆ ಓಡುತ್ತೆ ಅಂತ ನೋಡೋದು."

"ಯಾಕಂತೆ?"

"ಇನ್ನೂ ಪ್ರಯೋಗ ನಡೀತಿದೆ," ಎಂದ ಬಹ್ಗತ್.

ಅವನು ವಿಭಾಗಕ್ಕೆ ಮರಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಇಲಿ ಕೋಣೆಯಲ್ಲಿ ಹದಿನೇಳನೆಯ ನಂಬರಿನ ಇಲಿ ಗಾಜಿನ ಕೊಳವೆಯೊಳಗೆ ಬಾಲ ಹೊರಹಾಕಿ ಮಲಗಿತ್ತು. ಫಿಕ್ರಿಯವರು ಕೈ ಉಜ್ಜಿಕೊಳ್ಳುತ್ತ ಪಿಸುಗುಟ್ಟಿದರು.

"ಒತ್ತಡ ಇಳೀತು, ಹೃದಯ ಓಡ್ತು! ಮೂರು ವರ್ಷದಿಂದ ಒಂದು ಇಲೀನೂ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಿಲ್ಲ ಮಾರಾಯಾ. ನಾಳೆ ಖಾಲಿ ಹೊಟ್ಟೇಲಿ ಬಾ, ಇನ್ನೊಂದ್ಸಲ ಮಾಡೋಣ."

"ಬರೀ ನೂರ ಮೂವತ್ತನಾಲ್ಕಕ್ಕೇ ಬಿದ್ರಾ ಡಾಕ್ಟ್ರೇ?" ಬಯ್ಯೂಮಿ ಹೊಗೆಯಾಡುವ ಲೋಟ ಮುಂದೆ ಹಿಡಿದ. "ನಿಮ್ಮ ಇಲಿಗಳದ್ದು ಆರುನೂರು ಅಂತೆ, ಅವು ಬಿದ್ದಿಲ್ವಲ್ಲ! ತಗೊಳ್ಳಿ, ಇದು ಬಿಸಿ ಕರ್ಕದೆ. ಏರಿಸುತ್ತೆ."

"ಇನ್ನೊಂದ್ಸಲ ಅಳೆದುಬಿಡೋಣ್ವಾ?" ನಗ್ಲಾ ಹೊಸ ಮಿಷನ್ನು ಹಿಡಿದು ಬಂದಳು.

ಬಹ್ಗತ್ ಯಾಂತ್ರಿಕವಾಗಿ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಒಳಮಗ್ಗುಲಿಗೆ ಒಂದು ಪುಟ್ಟ ಚೀಟಿ ಹೊಲಿದಿದ್ದರು. ಅದರಲ್ಲಿ ನಗುವ ಕರಡಿಮರಿಯ ಚಿತ್ರ, ಕೆಳಗೆ ಅಚ್ಚುಕಟ್ಟಾದ ಅಕ್ಷರಗಳು: 'ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ.'

ಅವನು ಅದನ್ನು ಎರಡು ಸಲ ಓದಿದ. ಕರಡಿಮರಿಯನ್ನು ನೋಡಿದ, ತನ್ನ ತೋಳು ನೋಡಿಕೊಂಡ, ನಗ್ಲಾಳನ್ನು ನೋಡಿದ. ಏಳು ವರ್ಷದಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಕೂಗೊಂದು ಗಂಟಲವರೆಗೆ ಬಂತು. ಬಾಯಿ ತೆರೆದ.

ತೆರೆದ ಬಾಗಿಲ ಮೇಲೆ ಅವನದೇ ಅಕ್ಷರ ಕಂಡಿತು.

ಬಹ್ಗತ್ ಬಾಯಿ ಮುಚ್ಚಿಕೊಂಡು ಬಿಸಿ ಕರ್ಕದೆ ಕುಡಿದ. ಗಾಜಿನ ಕೊಳವೆಯಲ್ಲಿ ಹದಿನೇಳನೆಯ ನಂಬರು ಒಮ್ಮೆ ಮೀಸೆ ಅಲ್ಲಾಡಿಸಿ ಮತ್ತೆ ಕಣ್ಣುಮುಚ್ಚಿತು. ಅದರ ಒತ್ತಡ ನೂರ ಹದಿನೆಂಟು, ಹೃದಯ ಸರಿಯಾಗಿತ್ತು, ಮತ್ತು ಆ ಕೋಣೆಯಲ್ಲಿ ಅದರ ಜಾಗ ಕಾಯಂ ಆಗಿತ್ತು.