ಮಾವಶಿಯ ಹಲ್ಲಿನ ಕಾವಲು

ನಮ್ಮ ಮಾವಶಿ ಐವತ್ತಾರನೆಯ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡಳು ಎಂದರೆ ನಿಮಗೆ ನಗು ಬಂದೀತು. ಧಾರಾಳವಾಗಿ ನಗಿರಿ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ಅವಳೆದುರು ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅವಳು ನಮ್ಮವ್ವನ ತಂಗಿ. ಅಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮಾರುವ ಅಂಗಡಿ ಅವಳದು. "ಈ ವಯಸ್ಸಿನಾಗ ಯಾಕ್ರೀ ವೈನಿ?" ಎಂದ ಪಕ್ಕದಂಗಡಿಯವರಿಗೆ, "ಹಲ್ಲು ನಂದು, ವಯಸ್ಸೂ ನಂದು. ನಿಮಗೆಷ್ಟು ಚಟ್ನಿ ಬೇಕು, ಅದನ್ನ ಹೇಳ್ರಿ" ಎಂದುಬಿಟ್ಟಿದ್ದಳು.

ಕೊನೆಗೊಮ್ಮೆ ತಂತಿ ಬಿಚ್ಚಿದರು. ಇನ್ನು ಮುಗಿಯಿತು ಎಂದುಕೊಂಡರೆ, ಡಾಕ್ಟರು ಹೊಸ ಮಾತು ತೆಗೆದರು: ಸುಮ್ಮನೆ ಬಿಟ್ಟರೆ ಹಲ್ಲುಗಳು ಹಳೆಯ ಜಾಗಕ್ಕೇ ಹೊರಡುತ್ತವೆ, ಹಿಡಿದಿಡಲು ರಿಟೇನರ್ ಬೇಕು. ಹಾಕಿಕೊಂಡರೆ ಕಾಣದಂಥ ಪ್ಲಾಸ್ಟಿಕ್ ಕವಚವೊಂದನ್ನು ಕೊಟ್ಟು, ಊಟಕ್ಕೆ ಮಾತ್ರ ತೆಗೆಯಿರಿ ಎಂದರು.

ಊಟಕ್ಕೆ ಮಾತ್ರವಂತೆ! ಮಾವಶಿ ದಿನವಿಡೀ ಚಟ್ನಿಯ ರುಚಿ ನೋಡುವವಳು. ಕವಚ ಅವಳ ಬಾಯಲ್ಲಿದ್ದುದಕ್ಕಿಂತ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದ್ದುದೇ ಹೆಚ್ಚು. ನಿಗಡಿಯಲ್ಲಿ ನಮ್ಮ ಕಡೆಯವರ ಮದುವೆಯೊಂದರಲ್ಲಿ ಅದನ್ನು ಕಾಗದದಲ್ಲಿ ಸುತ್ತಿ ತಾಟಿನ ಅಂಚಿಗಿಟ್ಟಳು. ತಾಟು ಎತ್ತುವವರು ಅದನ್ನೂ ಎತ್ತಿಕೊಂಡು ಹೋದರು. ಹುಡುಕಾಟ ಕಂಡು ವರನ ತಂದೆಯೇ ಓಡಿ ಬಂದರು.

"ಏನು ಕಳಕೊಂಡ್ರಿ ಅಕ್ಕಾರ, ಬಂಗಾರ ಏನು?"

"ಹಲ್ಲಿನ ಅಂಗಿ ರೀ."

ಅವರೂ ಬಗ್ಗಿ ಹುಡುಕಿದರು; ಸಿಗಲಿಲ್ಲ.

ಮರುವಾರ ನಾನೇ ಅವಳನ್ನು ದವಾಖಾನೆಗೆ ಕರೆದೊಯ್ದೆ. ಡಾಕ್ಟರೂ ನಮ್ಮ ಹಾಗೆ ವಿಜಯಪುರದ ಕಡೆಯವರು. "ನಿಮಗ ತೆಗೆದಿಡೋದು ಬ್ಯಾಡ್ರಿ ಮಾವಶಿ. ಹಲ್ಲಿನ ಹಿಂದ ಸಣ್ಣ ತಂತಿ ಅಂಟಿಸಿಬಿಡ್ತೀನಿ. ಕಳೆಯೂದಿಲ್ಲ."

"ಮತ್ತ ಮೊದಲ ಯಾಕ ಅಂಟಿಸಲಿಲ್ಲ?" ಮಾವಶಿ ಬಿಡುವವಳಲ್ಲ.

"ಅದನ್ನ ಸ್ವಚ್ಛ ಇಡೂದು ಕಷ್ಟರಿ. ಒಬ್ಬೊಬ್ಬರ ಹಲ್ಲು, ರೂಢಿ ನೋಡಿ ಕೊಡತೀವಿ. ನಿಮ್ಮ ಕೆಳಗಿನ ಹಲ್ಲು ಮೊದಲ ಹೆಂಗಿದ್ವು ನೋಡ್ರಿ, ಮತ್ತ ಹಂಗ ಆಗಬಾರದು," ಎಂದು ಡಾಕ್ಟರು ಕಪಾಟಿನಿಂದ ಬಿಳಿಯ ಅಚ್ಚೊಂದನ್ನು ತೆಗೆದುಕೊಟ್ಟರು. ಚಿಕಿತ್ಸೆಗೆ ಮುಂಚೆ ಮಾವಶಿಯ ಬಾಯಿಂದಲೇ ತೆಗೆದ ಅಚ್ಚು. ಹಲ್ಲುಗಳು ಒಂದರ ಮೇಲೊಂದು ಏರಿ ಕೂತಿದ್ದವು.

ಮಾವಶಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಮ್ಮವ್ವನ ಬಾಯಿ ರೀ," ಎಂದಳು ಕೊನೆಗೆ. "ನಕ್ಕರ ಹಿಂಗ ಕಾಣತಿತ್ತು."

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಅವಳು ನಕ್ಕ ಫೋಟೋ ಒಂದೂ ನಮ್ಮಲ್ಲಿಲ್ಲ.

"ಇದನ್ನ ಒಯ್ಯಲೇನ್ರೀ?"

ಡಾಕ್ಟರು ಹೂಂ ಎಂದು ತಲೆಯಾಡಿಸಿದರು.

ತಂತಿ ಅಂಟಿಸಿಕೊಂಡು ರಿಕ್ಷಾ ಹತ್ತಿದೆವು. ಅಚ್ಚು ಮಾವಶಿಯ ಮಡಿಲಲ್ಲಿ, ಸೆರಗಿನೊಳಗೆ. ಸಾವಕಾಶ ನಡೆಸಪ್ಪಾ, ಅವ್ವ ಇದ್ದಾಳೆ ಎಂದು ಚಾಲಕನಿಗೆ ಮರಾಠಿಯಲ್ಲಿ ಹೇಳಿದಳು. ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಅಲ್ಲಿದ್ದವರು ನಾವಿಬ್ಬರೇ. ಆದರೂ ರಿಕ್ಷಾ ನಿಧಾನವಾಯಿತು.