ರಾಗಿ ಆನೆಯೂ ರಾಕ್ಷಸಿಯ ಹಲ್ಲೂ

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವನಿಗೆ ತಿಂಗಳಿಗೊಂದು ಪೇಚು ಗ್ಯಾರಂಟಿ. ಹೇಳುವಾಗ ಎಲ್ಲರ ಜೊತೆ ನಾನೂ ನಗುತ್ತೇನೆ. ಆಮೇಲೆ ಒಬ್ಬನೇ ಕೂತಾಗ, ಛೆ, ಹಾಗೆ ಮಾಡಬಾರದಿತ್ತು ಅನ್ನಿಸುತ್ತದೆ. ಈಚೆಗೆ ಒಂದೇ ಪುಸ್ತಕಕ್ಕೆ ಮೂರು ಸಲ ಹಾಗನ್ನಿಸಿತು.

ರಾಗಿ ಆನೆ

ಕಥೆಯಲ್ಲಿ ಒಂದು ಆನೆ, ಒಬ್ಬಳು ರಾಕ್ಷಸಿ. ಆನೆಯ ಚರ್ಮಕ್ಕೆ ಯಾವ ಬಣ್ಣ ಹಚ್ಚಿದರೂ ರೇನ್‌ಕೋಟಿನ ಹಾಗೆ ನುಣ್ಣಗೆ ಕಾಣುತ್ತಿತ್ತು. ಕೊನೆಗೆ ಕೊಳ್ಳೇಗಾಲದ ನಮ್ಮ ಅಡುಗೆಮನೆಗೇ ನುಗ್ಗಿ ರಾಗಿಹಿಟ್ಟು ತಂದೆ. ಅಂಟಿಕೊಳ್ಳಲಿ ಅಂತ ಬೆಲ್ಲದ ಪಾಕದಲ್ಲಿ ಕಲಸಿ ಕಾಗದಕ್ಕೆ ಮೆತ್ತಿ, ಬಾಚಣಿಗೆಯಲ್ಲಿ ಗೀರಿದೆ. ಒಣಗಿ ಬಿರುಕು ಬಿಟ್ಟಾಗ ಥೇಟ್ ಆನೆ! ಅಂಥದ್ದು ನನ್ನ ಕೈಯಿಂದ ಹಿಂದೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಫೋಟೊ ನಾಳೆ ತೆಗೆದರಾಯಿತು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಇರುವೆ ಸಾಲು. ಬಾಲ ಮಾತ್ರ ಉಳಿದಿತ್ತು.

ನನ್ನ ಹೆಂಡತಿ ಲೊಕ್ಕನಹಳ್ಳಿಯವಳು. ಇಣುಕಿ ನೋಡಿ ಅಂದಳು: "ನಮ್ಮೂರಲ್ಲಿ ಆನೆ ಬಂದು ರಾಗಿ ತಿಂತದೆ. ನಿಮ್ಮೂರಲ್ಲಿ ಇರುವೆ ಬಂದು ರಾಗಿ ಆನೇನೇ ತಿಂತದೆ ಕಣ್ರಿ."

ಮಜ್ಜಿಗೆ

ಹೊಸ ಆನೆಗೆ ಸ್ಫೂರ್ತಿ ಬೇಕಲ್ಲ, ಅವಳ ಊರಿಗೇ ಹೋದೆ. ಹಿಂದಿನ ದಿನವಷ್ಟೇ ಆನೆಗಳು ತುಳಿದ ಹೊಲವೊಂದರ ಬದುವಿನ ಮೇಲೆ ಕೂತು, ಒಂದು ಆನೆ ಬರೆಯುತ್ತಿದ್ದೆ. ಹೊಲದೊಡತಿ ಬಂದು, "ಫಾರೆಸ್ಟ್‌ನೋರಾ ಸಾ?" ಅಂದಳು. ಗೆರೆ ತಪ್ಪೀತೆಂದು ಸುಮ್ಮನೆ ತಲೆ ಆಡಿಸಿಬಿಟ್ಟೆ. ಆಕೆ ಚೆಂಬಿನ ತುಂಬ ಮಜ್ಜಿಗೆ ತಂದುಕೊಟ್ಟಳು. ಮುರಿದ ಒಂದೊಂದು ಪೈರನ್ನೂ ಎತ್ತಿ ತೋರಿಸಿದಳು. ಆಮೇಲೆ ನನ್ನ ಸ್ಕೆಚ್ ಪುಸ್ತಕ ನೋಡಿ ಗಾಬರಿಯಾದಳು.

"ಒಂದೇ ಬರ್ಕಂಡಿದ್ದೀರಲ್ಲ ಸಾ! ಬಂದಿದ್ದು ನಾಕು. ಇನ್ನು ಮೂರು ಬರ್ಕಳಿ."

ನಾಚಿಕೆಯಾಗಿ ನಿಜ ಹೇಳಿದೆ. ಇದು ಪರಿಹಾರಕ್ಕಲ್ಲ ಕಣಮ್ಮ, ಮಕ್ಕಳ ಕಥೆಗೆ ಅಂತ. ಆಕೆ ಹೊಲವನ್ನೊಮ್ಮೆ, ಖಾಲಿ ಚೆಂಬನ್ನೊಮ್ಮೆ ನೋಡಿದಳು.

"ಅದ್ನ ಮಜ್ಜಿಗೆ ಕುಡಿಯಕ್ಕೆ ಮುಂಚೇನೇ ಏಳ್ಬಾರ್ದಾಗಿತ್ತಾ ಸಾ?"

ರಾಕ್ಷಸಿ

ರಾಕ್ಷಸಿಗೆ ಮುಖ ಹುಡುಕಲು ಎಲ್ಲಿಗೂ ಹೋಗಲಿಲ್ಲ. ಕೈ ತಾನಾಗಿ ಯಳಂದೂರಿನ ದೊಡ್ಡಮ್ಮನನ್ನು ಬರೆಯಿತು. ಆ ಮೂಗು, ಗಲ್ಲದ ನರೂಲಿ, ಜೋತುಬಿದ್ದ ಕಿವಿ. ಎರಡು ಕೋರೆಹಲ್ಲು ಸೇರಿಸಿದೆ, ಗುರುತು ಹತ್ತಲಾರದು ಅಂದುಕೊಂಡೆ. ಪುಸ್ತಕ ಅಚ್ಚಾಗಿ ಬಂದ ವಾರದಲ್ಲೇ ಅವಳ ಮೊಮ್ಮಗಳು ಸ್ಕೂಲಿಂದ ಅದನ್ನು ಹಿಡಿದುಕೊಂಡು, "ಅಜ್ಜೀ, ಇದು ನೀನೇ!" ಅಂತ ಕೂಗುತ್ತಾ ಬೀದಿಯುದ್ದಕ್ಕೂ ಓಡಿದಳಂತೆ.

ಕ್ಷಮೆ ಕೇಳೋಣ ಅಂತ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಸಂಕಟ. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷವೆಲ್ಲ ನನಗೆ ತುತ್ತಿಟ್ಟವಳು ಅವಳು. ಇಷ್ಟು ವರ್ಷ ಬರೆದಿದ್ದೇನೆ, ಅವಳನ್ನು ಅವಳಾಗಿ ಒಮ್ಮೆಯಾದರೂ ಬರೆದೆನೇ? ಬರೆದದ್ದೇ ಒಂದು ಸಲ, ಅದೂ ರಾಕ್ಷಸಿಯಾಗಿ.

ದೊಡ್ಡಮ್ಮ ಜಗಲಿ ಮೇಲೆ ಕನ್ನಡಕ ಹಾಕಿಕೊಂಡು ಪುಸ್ತಕ ಹಿಡಿದು ಕೂತಿದ್ದಳು.

"ತಪ್ಪಾಯ್ತು ದೊಡ್ಡಮ್ಮ."

ಅವಳು ಚಿತ್ರದ ಮೇಲೆ ಬೆರಳಿಟ್ಟಳು. "ಮೂಗು ನಂದು. ನರೂಲಿ ನಂದು. ಈ ಎಲ್ಡು ಅಲ್ಲು ಯಾರ್ದ್ಲಾ?"

"ಅದು... ಕೋರೆಹಲ್ಲು ದೊಡ್ಡಮ್ಮ."

ಅವಳು ತನ್ನ ಬೋಡುಬಾಯಿ ಸವರಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು.

"ಒಂದೂ ಇಲ್ದಿರೋಳ್ಗೆ ಎಲ್ಡು ಕೊಟ್ಟೆ, ಸಂತೋಸ ಕಣ್ಲಾ. ಪೆನ್ಸಿಲ್ಲು ಕೈಲೇ ಇತ್ತಲ್ಲ, ಮಿಕ್ಕಿದ್ ಮೂವತ್ತು ಬರೆಯಕ್ಕೆ ನಿಂಗೇನ್ ದಾಡಿಯಾಗಿತ್ತು?"